ಬಾಗ್ಲಾ ತಗದೈತಿ

ನಮ್ಮೂರಿನಲ್ಲಿ ಮನೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಮಲಗುವಾಗ ಎದುರಿಗೆ ಬಡಿಗೇರರ ಮನೆ ಇದ್ದರೆ, ಬೆಳಿಗ್ಗೆ ಕದ ತೆಗೆದಾಗ ಅಲ್ಲಿ ಹಾಲಿನ ಡೇರಿಯೋ, ಕನ್ನಡ ಶಾಲೆಯೋ, ಗುರುತಿಲ್ಲದವರ ಹಿತ್ತಲೋ ಇರುತ್ತದೆ. ಹುಟ್ಟಿದಾಗಿನಿಂದ ನೋಡಿದವರಿಗೆ ಇದರಲ್ಲಿ ವಿಶೇಷವಿಲ್ಲ. ಪಕ್ಕಕ್ಕೆ ಯಾರು ಬಂದರೋ ಅವರ ಹತ್ತಿರ ಹೆಪ್ಪಿಗೆ ಮಜ್ಜಿಗೆ ಇಸಿದುಕೊಳ್ಳುತ್ತೇವೆ. ಆ ಮನೆ ಮತ್ತೊಮ್ಮೆ ಹತ್ತಿರ ಬಂದಾಗ ಬಟ್ಟಲು ಹಿಂದಿರುಗಿಸುತ್ತೇವೆ. ಬೀಗರ ಮನೆ ಗೋಡೆಗೆ ಗೋಡೆ ಹಚ್ಚಿಕೊಂಡು ಬಂದು ನಿಂತರೆ, ಅದು ಸರಿದುಹೋಗುವ ತನಕ ದನಿ ತಗ್ಗಿಸಿ ಮಾತಾಡುತ್ತೇವೆ. ಊರ ಅಗಸಿ ಒಂದು ಮಾತ್ರ ಇದ್ದಲ್ಲೇ ಇದೆ. ಹೊರಗಿನಿಂದ ಬರುವವರು ಆ ಕಲ್ಲಿನ ಕಮಾನಿನ ಕೆಳಗೆ ನಿಂತು ತಮ್ಮ ಮನೆ ಈಗ ಯಾವ ದಿಕ್ಕಿನಲ್ಲಿದೆ ಎಂದು ಹುಡುಕಿಕೊಳ್ಳಬೇಕು. ಇನ್ನೊಬ್ಬರನ್ನು ಕೇಳಿ ಫಲವಿಲ್ಲ, ಅವರವರ ಮನೆಯ ಚಿಂತೆಯೇ ಅವರವರಿಗೆ.

ನಮ್ಮಜ್ಜನ ಕಾಲದಲ್ಲಿ ಮಾಳಿಗೆಯ ಮೇಲೆ ಒಂದೊಂದು ಮನೆಯವರು ಒಂದೊಂದು ಬಣ್ಣದ ಬಟ್ಟೆ ಕಟ್ಟುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಗಂಟೆ ಬಂತು. ನಮ್ಮ ಕಾಲಕ್ಕೆ ವೈಫೈ. ತಂತಿಗೆ ಸೇರಿದ ಮನೆಯ ಹೆಸರು ಅಗಸಿಯ ತನಕ ಹೋಗುತ್ತದೆ, ತಂತಿ ಹಿಡಿಯದ ಹೆಸರು ಹೊಸ್ತಿಲು ದಾಟುವುದಿಲ್ಲ. ಅಗಸಿಯಲ್ಲಿ ನಿಂತು ಫೋನು ತೆಗೆದರೆ ಊರಿನ ಹೆಸರುಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ನಿಮ್ಮ ಹೆಸರನ್ನು ನೋಡುತ್ತ ನಡೆಯಬೇಕು. ದಾರಿ ಸರಿಯಿದ್ದರೆ ಗೆರೆಗಳು ಏರುತ್ತವೆ, ತಪ್ಪಿದರೆ ಇಳಿಯುತ್ತವೆ. ‘ಬಡಿಗೇರ ನಿವಾಸ’, ‘ನಾಯಿ ಕಡೀತೈತಿ’, ‘ಪಾಸ್‌ವರ್ಡ್ ಕೇಳಬ್ಯಾಡ್ರಿ’ ಎಂದೆಲ್ಲ ಹೆಸರಿಟ್ಟಿದ್ದರು ಜನ. ನಮ್ಮದಕ್ಕೆ ಕಸ್ತೂರಿ ಇಟ್ಟ ಹೆಸರು ‘ಬಾಗ್ಲಾ ತಗದೈತಿ’.

ಕಸ್ತೂರಿ ನನ್ನ ಹೆಂಡತಿ. ನಾನು ಮುರಿಗೆಪ್ಪ, ಟೇಲರ್. ಜಂಪರು, ಲಂಗ, ಶಾಲೆಯ ಮಕ್ಕಳ ಅಂಗಿ ಚಡ್ಡಿ ಹೊಲಿಯುತ್ತೇನೆ. ಆಕೆ ನಾಟಕ ಕಂಪನಿಯಲ್ಲಿ ಹುಟ್ಟಿ ಬೆಳೆದವಳು. ಅವರ ಕಂಪನಿ ಅಗಸಿಯ ಹೊರಗೆ ಕ್ಯಾಂಪು ಹಾಕಿದ್ದಾಗ ರಾಣಿಯ ಪೋಷಾಕಿಗೆ ಅಳತೆ ತೆಗೆದುಕೊಳ್ಳಲು ಹೋದವನು ನಾನು. ಮದುವೆಯಾದ ಮೇಲೆ ಆಕೆ ತಾನಾಗಿಯೇ ಬಣ್ಣ ಬಿಟ್ಟಳು. ಆದರೆ ಬಣ್ಣ ಆಕೆಯನ್ನು ಬಿಟ್ಟಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಹಳೆಯ ಸಂಭಾಷಣೆ ಹೇಳುತ್ತಿದ್ದಳು, ಸಿಟ್ಟಿನ ಮಾತು ಬಂದರೆ ಬಡಿತ ಜೋರಾಗುತ್ತಿತ್ತು, ಅಳುವ ಮಾತು ಬಂದರೆ ರೊಟ್ಟಿ ಹೆಂಚಿನ ಮೇಲೆ ಸೀಯುತ್ತಿತ್ತು. ಹೀಗಿರುವಾಗ ಕಂಪನಿಯ ಮ್ಯಾನೇಜರು ಫೋನು ಮಾಡಿದರು. ಹೀರೋಯಿನ್ ಕಾಲು ಮುರಿದುಕೊಂಡು ಮಲಗಿದ್ದಾಳೆ, ಒಂದು ಕ್ಯಾಂಪಿನ ಮಟ್ಟಿಗೆ ಬಂದು ನಡೆಸಿಕೊಡಬೇಕು ಎಂದರು. ಕಸ್ತೂರಿ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದಳು. ಆ ಕಣ್ಣಲ್ಲಿದ್ದ ಬೆಳಕಿಗೆ ಒಲ್ಲೆ ಎನ್ನಲು ಯಾರಿಗೆ ಮನಸ್ಸು ಬಂದೀತು? ನಾನೇ ಕೂತು ಆಕೆಗೆ ಹೊಸ ಪೋಷಾಕು ಹೊಲಿದುಕೊಟ್ಟೆ.

ಕಳಿಸಲು ಅಗಸಿಯವರೆಗೂ ಹೋಗಿದ್ದೆ. ಬಸ್ಸು ಬರುವುದು ತಡವಾಯಿತು. ಆಕೆ ಫೋನಿನಲ್ಲಿ ನಮ್ಮ ಮನೆಯ ಹೆಸರು ಹುಡುಕಿ ತೆಗೆದು ನನಗೆ ತೋರಿಸಿದಳು.

“ನೋಡ್ರಿ, ಇದು ಕಾಣೂ ತನಕ ನಾ ಈ ಮನಿಯಾಕಿ,” ಎಂದಳು. “ನಾಟಕದಾಕಿ ಜೋಡಿ ಬಾಳೇವು ಬ್ಯಾಸರಾತು ಅಂದ್ರ ನನ್ನ ಮುಂದ ಹೇಳೂದ ಬ್ಯಾಡ. ಹೆಸರು ತಗದ್ಬಿಡ್ರಿ. ನಾ ಇಲ್ಲೇ ಅಗಸ್ಯಾಗ ತಿಳಕೊಂಡು ಹೊಳ್ಳಿ ಹೋಗ್ತೀನಿ. ಜಗಳಿಲ್ಲ, ತಂಟಿಲ್ಲ.”

“ಹುಚ್ಚಿ,” ಎಂದು ನಕ್ಕೆ. ಆಕೆಯೂ ನಕ್ಕಳು. ಆದರೆ ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಫೋನು ಹೊರಗೆ ಹಿಡಿದು ನೋಡುತ್ತಲೇ ಹೋದಳು.

ಒಂದು ಕ್ಯಾಂಪು ಮುಗಿದು ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಮೊದಮೊದಲು ದಿನಾ ಮಾತಾಡುತ್ತಿದ್ದಳು. ಜನ ಕಡಿಮೆ, ಕಂಪನಿಗೆ ಕಷ್ಟ, ನಡುವೆ ಬಿಟ್ಟು ಬರಲು ಮನಸ್ಸಿಲ್ಲ ಎನ್ನುತ್ತಿದ್ದಳು. ಯುಗಾದಿಯ ಹೊತ್ತಿಗೆ ಒಂದು ದಿನ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಮ್ಯಾನೇಜರರ ನಂಬರೂ ಹತ್ತಲಿಲ್ಲ. ನಾನು ಕಳಿಸಿದ ಮೆಸೇಜುಗಳ ಮುಂದೆ ಒಂದೇ ಟಿಕ್ಕು ಬೀಳುತ್ತಿತ್ತು, ಹೊರಟಿದೆ, ಮುಟ್ಟಿಲ್ಲ ಎಂಬಂತೆ. ಆಕೆ ಕೊನೆಗೆ ಹೇಳಿದ್ದ ಊರಿಗೆ ಹೋಗಿ ಬಂದೆ. ಟೆಂಟು ಹಾಕಿದ್ದ ಜಾಗದಲ್ಲಿ ನೆಲ ಮಾತ್ರ ಗಟ್ಟಿಯಾಗಿತ್ತು. ಬಿರುಗಾಳಿಗೆ ಟೆಂಟು ಹರಿದುಹೋಗಿ ಕಂಪನಿಯೇ ಒಡೆಯಿತು, ಯಾರು ಎಲ್ಲಿ ಹೋದರೋ ತಿಳಿಯದು ಎಂದು ಚಹದಂಗಡಿಯವನು ಹೇಳಿದ. ಮನೆಗೆ ಬಂದು, ನಾನು ಹುಡುಕುವುದಕ್ಕಿಂತ ಆಕೆ ಬರುವುದೇ ಸುಲಭ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ದಾರಿ ತೋರಿಸಲು ಹೆಸರು ಇದೆಯಲ್ಲ.

ಆಗಲೇ, ಕಾರಹುಣ್ಣಿವೆಯ ಸುಮಾರಿಗೆ, ತಂತಿ ಕಂಪನಿಯವರು ಬಂದು ಊರಿನ ಮೋಡೆಮ್ಮುಗಳನ್ನೆಲ್ಲ ಬದಲಾಯಿಸಿದರು. ಎರಡು ಮನೆಯವರು ಒಂದೇ ಹೆಸರು ಇಟ್ಟುಕೊಂಡಿದ್ದರಿಂದ ಒಂದು ಮದುವೆಯ ದಿಬ್ಬಣ ತಪ್ಪು ಮನೆಗೆ ಹೋಗಿ ಊಟಕ್ಕೇ ಕೂತುಬಿಟ್ಟಿತ್ತು. ಆ ಗಲಾಟೆಯ ಮೇಲೆ ಈ ಏರ್ಪಾಡು. ಗೋಡೆಗೆ ಬಿಳಿ ಡಬ್ಬಿ ಬಡಿದು, ಮೇಲೆ ಸೀಲು ಹಾಕಿ, ಹೆಸರಿನ ಬದಲು ನಂಬರು ಕೊಟ್ಟರು. ಡಬ್ಬಿಗೆ ಇದ್ದದ್ದು ಒಂದೇ ಸಾಕೆಟ್ಟು, ಅದಕ್ಕೆ ನಮ್ಮ ಟೀವಿ ಸಿಕ್ಕಿಸಿದರು. ನಮ್ಮ ಹಳೆಯ ರೌಟರಿನ ವೈರು ಕಿತ್ತು ನನ್ನ ಕೈಗೆ ಕೊಟ್ಟು, “ಇದನ್ನ ಗುಜರಿಗೆ ಹಾಕ್ರಿ ಟೇಲರ್ ಮಾಸ್ತರ,” ಎಂದರು. ಜನಕ್ಕೆ ಸರಿಯೇ ಅನ್ನಿಸಿತು. ನಂಬರು ಬರೆದುಕೊಂಡರು, ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಊರಲ್ಲಿ ಇದ್ದವರಿಗೆ ಏನೂ ಕಷ್ಟವಾಗಲಿಲ್ಲ. ಊರು ಬಿಟ್ಟು ಹೋಗಿದ್ದವರ ನೆನಪು ಯಾರಿಗೂ ಆಗಲಿಲ್ಲ.

ನಾನು ತಂತಿ ಕಂಪನಿಯ ಆಫೀಸಿಗೆ ಅಲೆದೆ. ಆ ಆಫೀಸೂ ಒಂದು ಕಡೆ ನಿಲ್ಲುವುದಲ್ಲ. ಆಷಾಢ ಕಳೆದು ಶ್ರಾವಣ ಬಂದರೂ ಇಂದು ಸಿಕ್ಕಿದ್ದು ನಾಳೆ ಸಿಗುತ್ತಿರಲಿಲ್ಲ, ಸಿಕ್ಕ ದಿನ ಸಾಹೇಬರು ಇರುತ್ತಿರಲಿಲ್ಲ. ಕೊನೆಗೆ ಹೊಸಮನಿ ಸಾಹೇಬರ ಮುಂದೆ ನಿಂತೆ. ಕೆಟ್ಟ ಮನುಷ್ಯರಲ್ಲ, ಕೂರಿಸಿ ನೀರು ಕೊಟ್ಟರು.

“ನಂಬರಿನ ಜಾಗದಾಗ ನಮ್ಮ ಹಳೇ ಹೆಸರು ಹಾಕಿಕೊಡ್ರಿ ಸಾಹೇಬ್ರ.”

“ಬರಂಗಿಲ್ಲ ಮಾಸ್ತರ. ಅದರ ಬೀಗ ನನ್ನ ಕೈಯಾಗೂ ಇಲ್ಲ.”

“ಹಂಗಾರ ನನ್ನ ರೌಟರ್ ಅದಕ್ಕ ಜೋಡಿಸ್ಕೊಳ್ಳಲೇನ್ರಿ?”

“ಜೋಡಿಸಿದ್ರೂ ಅದು ಒಳಗ ಬಿಟ್ಕೊಳ್ಳಂಗಿಲ್ಲ. ಗುರುತಿದ್ದವರಿಗಷ್ಟ ಕೊಡತೈತಿ. ನಿಮ್ಮ ಮನ್ಯಾಗ ಅದಕ್ಕ ಟೀವಿ ಗುರುತು. ಮತ್ತ್ಯಾಕ ಬೇಕ್ರಿ ಹೆಸರು? ನಂಬರ್ ಛಲೋ ಐತಲ್ಲ?”

ನೀರಿನ ಲೋಟ ಕೆಳಗಿಟ್ಟು ಎದ್ದೆ. ಮನೆಗೆ ಬಂದು ಟೀವಿಯ ವೈರು ತೆಗೆದು ಹಳೆಯ ರೌಟರಿಗೆ ಸಿಕ್ಕಿಸಿದೆ. ಡಬ್ಬಿಯ ದೀಪ ಕೆಂಪಾಯಿತು. ಹತ್ತು ಸಲ ತೆಗೆದು ಹಾಕಿದರೂ ಕೆಂಪೇ. ರೌಟರು ಮಾತ್ರ ಪಾಪ, ಕರೆಂಟು ಕೊಟ್ಟ ಕೂಡಲೇ ‘ಬಾಗ್ಲಾ ತಗದೈತಿ’ ಎನ್ನುತ್ತಿತ್ತು. ಹೊಲಿಗೆ ಮಷಿನ್ನಿನ ಮುಂದೆ ಕೂತ ನನ್ನ ಫೋನಿಗೆ ಕಾಣುತ್ತಿತ್ತು, ಹೊಸ್ತಿಲ ಹೊರಗೆ ಕಾಲಿಟ್ಟರೆ ಇಲ್ಲ.

ಮಹಾನವಮಿಯ ಹೊತ್ತಿಗೆ ಹಸೀನಾಳ ಅಂಗಡಿ ನಮ್ಮ ಮನೆಯ ಪಕ್ಕಕ್ಕೆ ಬಂದು ನಿಂತಿತು. ಹಸೀನಾ ಮೊಬೈಲು ರಿಪೇರಿ ಮಾಡುತ್ತಾಳೆ, ಹರೆಯದ ಇಬ್ಬರು ಹೆಣ್ಣುಮಕ್ಕಳ ತಾಯಿ, ಮಾತು ಖಡಕ್ಕು. ಹಬ್ಬಕ್ಕೆ ಮಕ್ಕಳ ಬಟ್ಟೆ ಹೊಲಿಸಲು ಬಂದವಳು ಕೆಂಪು ದೀಪ ನೋಡಿ ಏನಿದು ಎಂದಳು. ಆಕೆಗೆ ಎಲ್ಲ ಹೇಳಿದೆ. ಯಾರಿಗೂ ಹೇಳದ್ದನ್ನು, ಕಸ್ತೂರಿ ಬಸ್ಸಿನ ಕಿಟಕಿಯಲ್ಲಿ ಫೋನು ಹಿಡಿದದ್ದನ್ನು ಕೂಡ ಹೇಳಿದೆ. ಹಸೀನಾ ಸೆರಗು ಸಿಕ್ಕಿಸಿಕೊಂಡು ಬಟ್ಟೆಯ ಚೂರುಗಳ ನಡುವೆ ಕೂತಳು.

“ಮೊದಲ ಈ ರೌಟರಿನ ಒಳಗ ಹೋಗಬೇಕು. ಪಾಸ್‌ವರ್ಡ್ ಏನು?”

ಗೊತ್ತಿರಲಿಲ್ಲ. ಕಸ್ತೂರಿ ಏನು ಇಟ್ಟಿದ್ದಾಳು ಎಂದು ಇಬ್ಬರೂ ಯೋಚಿಸಿದೆವು. ಆಕೆಯ ತಾಯಿಯ ಹೆಸರು ಹಾಕಿದೆವು, ಮದುವೆಯ ದಿನ ಹಾಕಿದೆವು, ಮೊದಲು ಮಾಡಿದ ಪಾತ್ರದ ಹೆಸರು ಹಾಕಿದೆವು. ಕೊನೆಗೆ ನಾಚಿಕೆ ಬಿಟ್ಟು ನನ್ನ ಹೆಸರೂ ಹಾಕಿಸಿದೆ. ಯಾವುದೂ ಅಲ್ಲ. ಹಸೀನಾ ರೌಟರನ್ನು ತಿರುವಿ ಹಾಕಿ, ಅಡಿಯಲ್ಲಿ ಅಂಗಡಿಯಿಂದ ಬಂದಾಗಲೇ ಅಂಟಿಸಿದ್ದ ಚೀಟಿ ಓದಿ, ಅದನ್ನೇ ಒತ್ತಿದಳು. ತೆರೆಯಿತು.

“ನಿಮ್ಮಾಕಿ ಬದಲಿ ಮಾಡೇ ಇಲ್ಲ ಮಾಸ್ತರ,” ಎಂದಳು. ನನಗೆ ನಗು ಬಂತು, ಅದರ ಬೆನ್ನಿಗೇ ಕಣ್ಣಲ್ಲಿ ನೀರು. ಕಸ್ತೂರಿ ಇದ್ದದ್ದೇ ಹಾಗೆ, ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಅದರಲ್ಲೇ ಬಿಡುವವಳು.

“ಹೆಸರು ಹೋಗಂಗಿಲ್ಲಲ್ಲ?”

“ಹೆಸರಿಗೆ ಕೈ ಹಚ್ಚಂಗಿಲ್ಲ, ಸುಮ್ನಿರ್ರಿ. ನೋಡ್ರಿಲ್ಲೆ, ಗೋಡಿ ಮ್ಯಾಲಿಂದೂ ಇದೂ ಎರಡೂ ಒಂದ ಅಡ್ರೆಸ್ ಹೇಳಾಕತ್ತಾವು. ಒಂದು ಮನ್ಯಾಗ ಇಬ್ರು ಯಜಮಾನ್ರು ಆದ್ರ ಹೆಂಗ? ನಾವು ಸ್ವಲ್ಪ ಸರದು ಕೂಡೂಣು.” ಹಳೆಯ ರೌಟರಿನ ಅಡ್ರೆಸ್ಸು ಬದಲಾಯಿಸಿದಳು. ಆದರೂ ದೀಪ ಕೆಂಪು. ಆಮೇಲೆ ಎದ್ದು ಟೀವಿಯ ಹಿಂದೆ ಬಗ್ಗಿ, ಅಲ್ಲಿ ಅಚ್ಚಾಗಿದ್ದ ಉದ್ದನೆಯ ನಂಬರನ್ನು ನನ್ನಿಂದ ಓದಿಸಿದಳು. “ಡಬ್ಬಿಗೆ ಈ ನಂಬರ್ ಅಂದ್ರ ಗುರುತು. ಇನ್ನ ಮ್ಯಾಲ ನಮ್ಮ ರೌಟರ್ ತನ್ನ ನಂಬರ್ ಹೇಳೂದಿಲ್ಲ, ಟೀವಿ ನಂಬರ್ ಹೇಳತೈತಿ. ವೇಷ ಹಾಕೂದು. ನಾಟಕದಾಕಿ ರೌಟರ್ ಅಲ್ಲೇನು?”

ವೈರು ಸಿಕ್ಕಿಸಿದಳು. ಕೆಂಪು ದೀಪ ಮಿಣುಕಿತು, ಆರಿತು, ಬಹಳ ಹೊತ್ತು ಆರಿಯೇ ಇತ್ತು. ಹಸೀನಾ ಬಾಯಲ್ಲಿ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಹಸಿರು ಬಂತು. ನಾನು ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ಅಗಸಿಯಲ್ಲಿ ನಿಂತು ಫೋನು ತೆಗೆದಾಗ ನೂರಾರು ನಂಬರುಗಳ ನಡುವೆ, ಎಳ್ಳಿನ ರಾಶಿಯಲ್ಲಿ ಒಂದು ಅಕ್ಕಿಕಾಳಿನ ಹಾಗೆ, ನಮ್ಮ ಮನೆಯ ಹೆಸರಿತ್ತು.

ಆಮೇಲೆ ನಡೆದದ್ದನ್ನು ನಾನೂ ಹಸೀನಾಳೂ ಎಣಿಸಿರಲಿಲ್ಲ. ನಂಬರು ಮರೆತವರು, ನಂಬರು ಬರೆದ ಚೀಟಿ ಕಳೆದವರು, ಪರವೂರಿನಿಂದ ನೆಂಟರ ಮನೆಗೆ ಬಂದವರು ಅಗಸಿಯಲ್ಲಿ ಕಂಗಾಲಾಗಿ ನಿಂತಾಗ ಅವರಿಗೆ ಓದಲು ಬರುವಂಥ ಮಾತು ಊರಿಗೆಲ್ಲ ಅದೊಂದೇ ಇತ್ತು. ಬಾಗಿಲು ತೆರೆದಿದೆ ಎಂದಮೇಲೆ ಬಂದೇ ಬಿಡುತ್ತಿದ್ದರು. ಕದ ಬಡಿದಾಗಲೆಲ್ಲ ನನ್ನ ಕೈಯ ಕತ್ತರಿ ಕೆಳಗೆ ಬೀಳುತ್ತಿತ್ತು. ತೆರೆದರೆ ಯಾರೋ ಮುದುಕ, ಯಾರೋ ಬಾಣಂತಿ, ಗಂಟು ಹೊತ್ತ ಯಾರೋ ಗಂಡ ಹೆಂಡತಿ. ಒಳಗೆ ಕರೆದು ಚಹ ಮಾಡಿಕೊಡುತ್ತಿದ್ದೆ, ಅವರ ಮನೆ ಹುಡುಕಲು ದಾರಿ ಮಾಡಿಕೊಡುತ್ತಿದ್ದೆ. ಅವರು ಹೋದ ಮೇಲೆ ಖಾಲಿ ಲೋಟ ತೊಳೆಯುವಾಗ, ಎಲ್ಲರೂ ಬರುತ್ತಾರಲ್ಲ ಕಸ್ತೂರಿ, ನೀನೊಬ್ಬಳು ಯಾಕೆ ಬರವಲ್ಲಿ ಎಂದು ಮನಸ್ಸಿನಲ್ಲೇ ಕೇಳುತ್ತಿದ್ದೆ.

ಹೊಸಮನಿ ಸಾಹೇಬರೂ ಅದೇ ಹೆಸರು ಹಿಡಿದುಕೊಂಡು ಬಂದರು. ತಂತಿ ಕಡಿದುಹಾಕಿದರೆ ನಮ್ಮ ಮನೆ ಇದ್ದೂ ಇಲ್ಲದಂತೆ. ಅವರು ಗೋಡೆಯ ಡಬ್ಬಿ ನೋಡಿದರು, ವೈರು ಹಿಡಿದು ರೌಟರಿನ ತನಕ ಬಂದರು, ಮೂಲೆಯಲ್ಲಿ ವೈರಿಲ್ಲದೆ ಕೂತ ಟೀವಿಯನ್ನೂ ನೋಡಿದರು. ಮೂಲೆಯ ಗೂಟಕ್ಕೆ ತೂಗುಹಾಕಿದ್ದ ರಾಣಿಯ ಹಳೆಯ ಪೋಷಾಕಿನ ಮುಂದೆ ಹೋಗಿ ನಿಂತರು.

“ಹೋಗಿ ಎಷ್ಟು ದಿನಾತು?” ಎಂದರು.

“ಭಾಳ ದಿನಾತ್ರಿ.”

“ನಮ್ಮ ಲೆಕ್ಕದಾಗ ಈ ಮನ್ಯಾಗ ಒಂದು ಟೀವಿ ನಡದೈತಿ. ನಾ ಬಂದೆ, ಟೀವಿ ನೋಡಿದೆ,” ಎಂದು ಚಹ ಕುಡಿದು ಎದ್ದರು. ಬಾಗಿಲಲ್ಲಿ ನಿಂತು, “ಯಾವಾಗ್ಲೂ ಟೀವಿ ಹಚ್ಚಿಡ್ತೀರಿ ನೀವು, ಕಣ್ಣು ಕೆಟ್ಟಾವು,” ಎಂದರು. ಅವರ ಮುಖದಲ್ಲಿ ನಗುವಿರಲಿಲ್ಲ.

ಸಂಕ್ರಾಂತಿ ಕಳೆದು ಒಂದು ಮಧ್ಯಾಹ್ನ. ಕಾಜ ಹಾಕುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಫೋನಿನಲ್ಲಿ ಕಸ್ತೂರಿಗೆ ಕಳಿಸಿದ ಹಳೆಯ ಮೆಸೇಜುಗಳನ್ನು ತೆರೆದಿಟ್ಟಿದ್ದೆ, ಅದು ನನಗೆ ರೂಢಿಯಾಗಿತ್ತು. ನೋಡುತ್ತಿದ್ದ ಹಾಗೆ ಒಂದು ಟಿಕ್ಕಿನ ಪಕ್ಕ ಎರಡನೆಯದು ಮೂಡಿತು. ಕಣ್ಣು ಮಂಜಾಗಿದೆ ಎಂದುಕೊಂಡೆ. ಅದರ ಕೆಳಗಿನದಕ್ಕೂ ಮೂಡಿತು. ‘ಎಲ್ಲಿ ಅದಿ’ ಎಂಬುದು ಮುಟ್ಟಿತು. ‘ಉಂಡೇನು’ ಮುಟ್ಟಿತು. ‘ಇವತ್ತು ಮಳಿ’ ಮುಟ್ಟಿತು. ‘ಸುಮ್ನ ಬಾ’ ಎಂದು ಬೇರೆಬೇರೆ ದಿನ ಬರೆದಿದ್ದೆಲ್ಲ, ಒಂದರ ಹಿಂದೆ ಒಂದು ಮುಟ್ಟಿದವು. ಆಕೆಯ ಫೋನು ನಮ್ಮ ಹೆಸರಿಗೆ ಸೇರಿಕೊಂಡಿತ್ತು. ನಾನು ಎದ್ದವನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಲೆಯ ಮೇಲೆ ಚಹಕ್ಕಿಟ್ಟೆ, ಚಾಪೆಯ ಮೇಲಿನ ಚೂರುಗಳನ್ನು ಬಾಚಿ ಮೂಲೆಗೆ ತಳ್ಳಿದೆ, ಕನ್ನಡಿ ನೋಡಿ ತಲೆ ಬಾಚಿಕೊಂಡೆ. ಓಡಿಹೋಗಿ ಎದುರುಗೊಳ್ಳೋಣವೆಂದರೆ ಆಕೆ ಒಂದು ಓಣಿಯಲ್ಲಿ ಬಂದು ನಾನು ಇನ್ನೊಂದರಲ್ಲಿ ಹೋದರೆ? ಬಾಗಿಲು ಪೂರ್ತಿ ತೆರೆದು ಹೊಸ್ತಿಲ ಮೇಲೆ ನಿಂತೆ.

ಓಣಿಯ ತಿರುವಿನಲ್ಲಿ ಕಂಡದ್ದು ಒಬ್ಬ ಮುದುಕಿ. ಕೈಯಲ್ಲಿ ಕಸ್ತೂರಿಯ ಫೋನು, ಅದಕ್ಕೆ ನಾನೇ ಹೊಲಿದುಕೊಟ್ಟ ಕುಸುರಿಯ ಚೀಲ. ಮೊಣಕಾಲು ಹಿಡಿದು ಹಿಡಿದು ನಡೆಯುತ್ತಿದ್ದರು. ಅವರ ಹಿಂದೆ ಯಾರೂ ಇರಲಿಲ್ಲ. ಆದರೂ ನಾನು ಅವರ ಹಿಂದೆಯೇ ನೋಡುತ್ತ ನಿಂತೆ.

“ಟೇಲರ್ ಮುರಿಗೆಪ್ಪ ಅಂದ್ರ ನೀ ಏನೋ ಯಪ್ಪಾ?” ಎಂದರು. “ನಾ ಗುರುಬಾಯಿ. ಕಸ್ತೂರಿ ಜೋಡಿ ಅತ್ತಿ ಪಾರ್ಟು ಮಾಡತಿದ್ದೆ. ಹೆದರಬ್ಯಾಡ, ಆಕಿ ಆರಾಮದಾಳ.”

ಕೂರಿಸಿ ಚಹ ಕೊಟ್ಟೆ. ಬಿಸಿ ಲೋಟವನ್ನು ಮೊಣಕಾಲಿಗೆ ಒತ್ತಿಕೊಂಡು ಹೇಳಿದರು. ಟೆಂಟು ಹರಿದ ಮೇಲೆ ಕಂಪನಿ ಒಡೆದು, ಇದ್ದ ನಾಲ್ಕು ಮಂದಿ ಹೊಳೆಯಾಚೆ ಬೇರೆ ಕಂಪನಿ ಸೇರಿದ್ದರು. ಫೋನಿಗೆ ದುಡ್ಡು ಹಾಕಿಸಲು ಗತಿಯಿಲ್ಲದೆ ಕಸ್ತೂರಿಯ ನಂಬರು ಬಂದ್ ಆಗಿತ್ತು. ಸ್ವಲ್ಪ ಸುಧಾರಿಸಿದ ಕೂಡಲೇ ಕಸ್ತೂರಿ ಊರಿಗೆ ಹೊರಟಳು.

“ಹೋದ ಶ್ರಾವಣದಾಗ ಬಂದಿದ್ಲಪ್ಪಾ ಇಲ್ಲಿಗೆ.”

“ಎಲ್ಲಿಗ್ರಿ?”

“ಅಗಸಿಗೆ. ಮುಂಜಾನಿಂದ ದೀಪ ಹಚ್ಚೂ ತನಕ ನಿಂತಾಳ. ಹೆಸರು ಕಾಣಲಿಲ್ಲಂತ. ಹೊಳ್ಳಿ ಬಂದು ಬಣ್ಣದ ಪೆಟಿಗಿ ಮುಂದ ಕುಂತ್ಲು. ಏನಾತವ್ವಾ ಅಂದ್ರ, ‘ಬಾಗ್ಲಾ ಹಾಕ್ಯಾರ ಗುರುಬಾಯಾರ’ ಅಂದ್ಲು. ಅವತ್ತ ಆಟ ಇತ್ತು. ಮಾಡಿದ್ಲು.”

ಶ್ರಾವಣದಲ್ಲಿ ನಾನು ತಂತಿ ಕಂಪನಿಯ ಆಫೀಸು ಹುಡುಕುತ್ತ ಇದೇ ಊರಿನ ಓಣಿಗಳಲ್ಲಿ ಅಲೆಯುತ್ತಿದ್ದೆ. ಅಗಸಿಯ ಮುಂದೆ ಎಷ್ಟು ಸಲ ಹಾದಿದ್ದೆನೋ.

“ಈಗ ನನ್ನ ಕಾಲು ನಿಲ್ಲವಲ್ವು,” ಗುರುಬಾಯಿ ಹೇಳಿದರು. “ನನಗ ಮನಿ ಇಲ್ಲ, ಮಠ ಇಲ್ಲ. ಆಕಿ ಈ ಫೋನು ಕೊಟ್ಟು, ‘ಒಂದ ಸಲ ಹೋಗಿ ನೋಡ್ರಿ. ಅದು ತಾನ ಹತ್ತಿಕೊಂತು ಅಂದ್ರ ಆ ಮನಿಗೆ ಹೋಗ್ರಿ, ನಿಮ್ಮನ್ನ ಹೊರಗ ಹಾಕೂ ಮನಿಶಾ ಅಲ್ಲ ಅಂವ. ಇಲ್ಲಾಂದ್ರ ಹೊಳ್ಳಿ ಬರ್ರಿ’ ಅಂದ್ಲು. ನನಗ ಓದಾಕ ಬರಂಗಿಲ್ಲ ತಮ್ಮಾ. ಅದು ಟಣ್ ಟಣ್ ಅನ್ನಾಕತ್ತಿತು. ಅಗಸ್ಯಾಗ ಒಬ್ಬಾಕಿ ಗೆರಿ ತೋರಿಸಿ, ಇವು ಏರೂ ಕಡೆ ನಡೀರಿ ಅಂದ್ಲು. ನಡದು ಬಂದೆ. ಮುಟ್ಟಿದ್ರ ಮ್ಯಾನೇಜರಗ ಹೇಳಂದಾಳ. ಹಚ್ಚಿಕೊಡು.”

ನಮ್ಮ ವೈಫೈ ಮೇಲೆ ಆಕೆಯ ಫೋನಿನಿಂದಲೇ ಹೊಸ ಕಂಪನಿಯ ಮ್ಯಾನೇಜರರಿಗೆ ಹಚ್ಚಿದೆ. ಎತ್ತಿದವರು, “ಹೊಳ್ಳಿ ಹಚ್ರಿ, ಮಧ್ಯಾಹ್ನದ ಆಟ ನಡದೈತಿ,” ಎಂದರು. ನಾನು ಯಾರೆಂದು ಹೇಳಿದೆ. ಆಮೇಲೆ, “ಆಕಿ ಸ್ಟೇಜ್ ಮ್ಯಾಲದಾಳ. ಇಡಬ್ಯಾಡ್ರಿ,” ಎಂದು ಫೋನನ್ನು ಪರದೆಯ ಹತ್ತಿರ ಒಯ್ದರೆಂದು ತೋರುತ್ತದೆ. ಹಾರ್ಮೋನಿಯಂ ಕೇಳಿಸಿತು, ಜನ ನಗುವುದು ಕೇಳಿಸಿತು. ಅದರ ನಡುವೆ ಕಸ್ತೂರಿಯ ದನಿ. ಕುಡಿದು ಬಂದ ಗಂಡನನ್ನು ಬೈಯುತ್ತಿದ್ದಳು. ಆ ಬೈಗುಳ ನನಗೆ ಬಾಯಿಪಾಠ, ನಮ್ಮ ಅಡುಗೆಮನೆಯಲ್ಲಿ ಎಷ್ಟೋ ರೊಟ್ಟಿ ಅದರ ಮೇಲೆ ಬೆಂದಿವೆ. ಗುರುಬಾಯಿ ಫೋನಿಗೆ ಕಿವಿ ಹಚ್ಚಿ ಅತ್ತೆಯ ಮಾತುಗಳನ್ನು ತುಟಿಯಲ್ಲೇ ಹೇಳಿಕೊಂಡರು. “ಗಡಬಡ ಮಾಡ್ತಾಳ ಈ ಹೊಸಾಕಿ,” ಎಂದು ತಲೆಯಾಡಿಸಿದರು.

ಚಪ್ಪಾಳೆ ಬಿತ್ತು. ಗೆಜ್ಜೆಯ ಸಪ್ಪಳ ಹತ್ತಿರ ಬಂತು. ಏದುಸಿರು.

“ಬಾಯಾರ, ಮುಟ್ಟಿದ್ರೇನ್ರಿ?”

“ಮುಟ್ಯಾರ,” ಎಂದೆ ನಾನು.

ಆ ಕಡೆ ಗೆಜ್ಜೆಯ ಸಪ್ಪಳ ನಿಂತಿತು. ಸ್ಟೇಜಿನ ಮೇಲಿನದಲ್ಲದ ಸಣ್ಣ ದನಿಯಲ್ಲಿ, “ಹೆಸರಿತ್ತೇನ್ರಿ?” ಎಂದಳು.

“ಐತಿ. ನಾ ತಗದಿರಲಿಲ್ಲ ಕಸ್ತೂರಿ. ಅವ್ರು ಮೋಡೆಮ್ ಬದಲಿ ಮಾಡಿದ್ರು, ಅದಕ್ಕ ಬೀಗ, ನಮ್ಮ ರೌಟರ್ ಗುರುತು ಹಿಡೀವಲ್ತಾಗಿತ್ತು, ಆಮ್ಯಾಲ ಹಸೀನಾ ಟೀವಿ ನಂಬರ್ ಹಾಕಿ...” ಹೇಳಬೇಕಾದ್ದು ಏನೋ, ಹೇಳುತ್ತಿದ್ದದ್ದು ಏನೋ. ವೈರು, ಸಾಕೆಟ್ಟು, ಕೆಂಪು ದೀಪ ಎಂದು ನಾನು ತೊದಲುತ್ತಲೇ ಇದ್ದೆ. ಆಕೆ ನಡುವೆ ತಡೆಯಲಿಲ್ಲ. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಈಗಲೂ ಗೊತ್ತಿಲ್ಲ.

ಆ ಕಡೆ ಗಂಟೆ ಬಡಿಯಿತು. ಯಾರೋ ಆಕೆಯ ಹೆಸರು ಕೂಗಿದರು.

“ಇನ್ನೊಂದು ಅಂಕ ಬಾಕಿ ಐತ್ರಿ,” ಎಂದಳು. “ಇಡಬ್ಯಾಡ್ರಿ. ಹಂಗ ಹಿಡಕೊಂಡಿರ್ರಿ.”

ಫೋನನ್ನು ಯಾವುದೋ ಮರದ ಪೆಟ್ಟಿಗೆಯ ಮೇಲೆ ಇಟ್ಟ ಸಪ್ಪಳವಾಯಿತು. ಗೆಜ್ಜೆ ದೂರವಾಯಿತು. ಪರದೆ ಏರಿತು. ಗುರುಬಾಯಿ ಚಾಪೆಯ ಮೇಲೆ ಸರಿದು ನನಗೂ ಜಾಗ ಮಾಡಿಕೊಟ್ಟರು, ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ.